ಎರಡು ದಿನದ ದಾರಿ, ಹದಿನೈದು ನಿಮಿಷದ ಇಂಟರ್‌ವ್ಯೂ

ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದ ಕಡೆಯವರಿಗೆ ಬೆಂಗಳೂರಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಇಂಟರ್‌ವ್ಯೂ ಎಂದರೆ ಹಿಂದಿನ ದಿನವೇ ಮನೆ ಬಿಡಬೇಕು. ಮಳೆಗಾಲವಾದರೆ ಮಾರ್ಕ್ಸ್ ಕಾರ್ಡಿಗೆ ಎರಡೆರಡು ಪ್ಲಾಸ್ಟಿಕ್ ಕವರು. ಪಾಲಿಷ್ ಹಾಕಿದ ಶೂ ಬ್ಯಾಗಿನೊಳಗೆ, ಕೆಸರಿಗೂ ಜಿಗಣೆಗೂ ಹವಾಯಿ ಚಪ್ಪಲಿ. ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಲು ತೊಳೆದುಕೊಂಡ ಮೇಲೇ ಶೂ ಹೊರಬರುವುದು. ಅಲ್ಲಿಂದ ಇನ್ನೂ ಸುಮಾರು 220 ಕಿ.ಮೀ. ಇಷ್ಟೆಲ್ಲ ಮಾಡಿ ಹೋದರೆ, ‘ನಿಮ್ಮ ಬಗ್ಗೆ ಹೇಳಿ’ ಎಂದು ಶುರುವಾದ ಮಾತು ‘ತಿಳಿಸ್ತೀವಿ’ ಎಂದು ಹದಿನೈದು ನಿಮಿಷದಲ್ಲಿ ಮುಗಿದುಹೋಗುವುದೂ ಉಂಟು.

ಹಾಗಾದರೆ ಹೋಗಬೇಕೋ, ಬೇಡವೋ?

ಬಸ್ ಚಾರ್ಜೊಂದೇ ಲೆಕ್ಕಕ್ಕೆ ಬರುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಆದರೂ ಮಗಳು ಇಂಟರ್‌ವ್ಯೂ ಎಂದ ಕೂಡಲೇ ಅಮ್ಮ ಕೇಳುವುದು, ‘ರಾತ್ರಿ ಎಲ್ಲಿ ಉಳ್ಕೊಳ್ತೀಯೇ?’ ಜತೆಗೆ ಅಪ್ಪ ಹೊರಟರೆ ಅವರ ಟಿಕೆಟ್ಟು, ಲಾಡ್ಜಿನ ಬಾಡಿಗೆ. ಕಾಫಿ ಕುಯ್ಲಿನ ದಿನಗಳಾದರೆ ಎರಡು ದಿನದ ಕೂಲಿಯೂ ಖೋತಾ.

ಆನ್‌ಲೈನಿನಲ್ಲೇ ಮುಗಿಸಬಹುದಲ್ಲ ಎನ್ನುವವರಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಪಾಠ ಕೇಳಿದ್ದನ್ನು ನಾಡೇ ನೋಡಿದೆ. ಗಾಳಿಮಳೆಗೆ ಕರೆಂಟು ಹೋದರೆ ನೆಟ್‌ವರ್ಕನ್ನೂ ನಂಬುವಂತಿಲ್ಲ. ಒಳಹಳ್ಳಿಯವರು ವಿಡಿಯೊ ಇಂಟರ್‌ವ್ಯೂಗೂ ಪೇಟೆಗೆ ಇಳಿಯಬೇಕಾಗುತ್ತದೆ.

ಮೊದಲು ಕೇಳಿ, ಆಮೇಲೆ ಹೊರಡಿ

ಕರೆ ಬಂದ ಖುಷಿಯಲ್ಲಿ ನಮ್ಮ ಹುಡುಗರು ಏನನ್ನೂ ಕೇಳುವುದಿಲ್ಲ. ಕೇಳಿದರೆ ಕೆಲಸ ಕೈತಪ್ಪೀತು ಎಂಬ ಅಳುಕು. ಆದರೆ ಸಂಬಳ ಎಷ್ಟರಿಂದ ಎಷ್ಟರವರೆಗೆ, ಕೆಲಸ ಕಂಪನಿಯದೋ ಕಂಟ್ರಾಕ್ಟಿನದೋ, ಎಷ್ಟು ಸುತ್ತು, ಎಲ್ಲವೂ ಒಂದೇ ದಿನ ಮುಗಿಯುತ್ತದೆಯೋ ಎಂದು ವಿಚಾರಿಸುವುದು ಉದ್ಧಟತನವಲ್ಲ. ನಿಮಗಾಗಿ ಫೋನಿನಲ್ಲಿ ಹತ್ತು ನಿಮಿಷ ಕೊಡದವರಿಗೆ ನೀವು ಎರಡು ದಿನ ಕೊಡಬೇಕಿಲ್ಲ. ರಿಜಿಸ್ಟ್ರೇಷನ್, ಡಿಪಾಸಿಟ್ ಎಂದು ದುಡ್ಡು ಕೇಳಿದರೆ ಅಲ್ಲಿಗೇ ಫೋನಿಡಿ. ಫೋನಿನ ಸುತ್ತು ಮುಗಿದು ಕೊನೆಯ ಮಾತುಕತೆಗೆ ಕರೆದಿದ್ದರೆ ಮಾತ್ರ ಸಾಲ ಮಾಡಿಯಾದರೂ ಹೋಗಿಬನ್ನಿ.

ಹೋಗುವುದಾದರೆ ವಿಳಾಸ ನೋಡಿಕೊಂಡು ಇಳಿಯಿರಿ. ಕಂಪನಿ ಪೀಣ್ಯದಲ್ಲಿದ್ದರೆ ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರುವುದು ದಂಡ. ಹಾಸನದ ಬಸ್ಸು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲೇ ಬರುತ್ತದೆ. ವೈಟ್‌ಫೀಲ್ಡಾದರೆ ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೊ ಇದೆ. ಹೇಗೂ ಹೊರಟಿದ್ದೀರಿ, ಅದೇ ವಾರದ ಇನ್ನೊಂದು ಇಂಟರ್‌ವ್ಯೂವನ್ನೂ ಹೊಂದಿಸಿಕೊಳ್ಳಲು ನೋಡಿ.

ಭಾರವೆಲ್ಲ ಅಭ್ಯರ್ಥಿಯದೇ ಏಕೆ?

ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಯುಪಿಎಸ್‌ಸಿ ನಾಗರಿಕ ಸೇವೆಯ ವ್ಯಕ್ತಿತ್ವ ಪರೀಕ್ಷೆಗೆ ದೆಹಲಿಗೆ ಕರೆದವರಿಗೆ ನಿಯಮದ ಪ್ರಕಾರ ಪ್ರಯಾಣದ ಖರ್ಚು ಕೊಡುತ್ತದೆ. ಖಾಸಗಿ ಕಂಪನಿಗಳು ಮೊದಲ ಸುತ್ತನ್ನು ವಿಡಿಯೊ ಬಿಟ್ಟು ಮಾಮೂಲಿ ಫೋನ್ ಕರೆಯಲ್ಲಿ ಮುಗಿಸಲಿ. ಆಮೇಲೂ ಕರೆಸಿಕೊಂಡರೆ ಬಸ್ ಚಾರ್ಜು ಅವರದಾಗಲಿ. ಕೈಯಿಂದ ದುಡ್ಡು ಹೋಗುತ್ತದೆ ಎಂದಾದರೆ ಯಾರನ್ನು ಕರೆಯಬೇಕು ಎಂದು ಅವರೂ ಎರಡು ಸಲ ಯೋಚಿಸುತ್ತಾರೆ.