ಕಲ್ಲಿನ ಮುಸುಕು

ಮೂಸಿ ನದಿಯ ದಕ್ಷಿಣ ದಂಡೆಯ ಮೇಲಿರುವ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯವನ್ನು ನೋಡದ ವಿದ್ಯಾರ್ಥಿಯು ನಮ್ಮ ನಗರದಲ್ಲಿ ವಿರಳ. ಆದರೆ ಅಲ್ಲಿಗೆ ಹೋದವರಲ್ಲಿ ಬಹುಮಂದಿ ಗಂಟೆ ಬಾರಿಸುವ ಗಡಿಯಾರದ ಮುಂದೆ ನೆರೆದು, ಅದರ ಪುಟ್ಟ ಗೊಂಬೆಯು ಹೊರಬರುವುದನ್ನೇ ಕಾಯುತ್ತ ಹೊತ್ತು ಕಳೆಯುತ್ತಾರೆ. ಮುಸುಕಿನ ರೆಬೆಕ್ಕಳ ಮುಂದೆ ಅರೆನಿಮಿಷ ನಿಂತು, "ಆಹಾ, ಕಲ್ಲಿನಲ್ಲಿ ಪಾರದರ್ಶಕವಾದ ಮುಸುಕು!" ಎಂದು ಉದ್ಗರಿಸಿ ಮುಂದೆ ಸಾಗುತ್ತಾರೆ. ಕಲ್ಲು ಪಾರದರ್ಶಕವಾಗುವುದುಂಟೆ? ಈ ಪ್ರಶ್ನೆಯನ್ನು ನಾವು ತುಸು ವಿಚಾರಿಸಿ ನೋಡೋಣ.

ರೆಬೆಕ್ಕಳ ಕಥೆಯು ಬೈಬಲಿನ ಆದಿಕಾಂಡದಲ್ಲಿದೆ. ಅಬ್ರಹಾಮನ ಸೇವಕನು ಯಜಮಾನನ ಮಗನಾದ ಇಸಾಕನಿಗೆ ಹೆಣ್ಣು ತರಲೆಂದು ದೂರದೇಶಕ್ಕೆ ಹೋಗುತ್ತಾನೆ. ಬಾವಿಯ ಬಳಿ ಅವನಿಗೂ ಅವನ ಒಂಟೆಗಳಿಗೂ ನೀರೆರೆದ ಕನ್ಯೆಯೇ ರೆಬೆಕ್ಕ. ಅವಳನ್ನು ಕರೆದುಕೊಂಡು ಮರಳುವಾಗ ಸಂಜೆಯಾಗಿರುತ್ತದೆ. ಹೊಲದಲ್ಲಿ ಅಡ್ಡಾಡುತ್ತಿದ್ದ ಇಸಾಕನನ್ನು ಕಂಡು, ಅವನೇ ತನ್ನ ವರನೆಂದು ತಿಳಿದು, ಅವಳು ಮುಸುಕನ್ನು ಎಳೆದುಕೊಳ್ಳುತ್ತಾಳೆ. ಚಿತ್ರಕಾರನಾದವನಿಗೆ ಇದೊಂದು ಹಬ್ಬವೇ ಸರಿ. ಇಳಿಹೊತ್ತಿನ ಬಾನು, ಬಯಲು, ಒಂಟೆಗಳ ಸಾಲು, ದೂರದಲ್ಲಿ ಬರುತ್ತಿರುವ ಒಬ್ಬ ಮನುಷ್ಯ; ಹತ್ತೊಂಬತ್ತನೆಯ ಶತಮಾನದ ಭಾವಪ್ರಧಾನ ಚಿತ್ರಕಾರರಿಗೆ ಇಂತಹ ನಿಸರ್ಗದೃಶ್ಯಗಳೆಂದರೆ ಬಲುಪ್ರೀತಿ. ಶಿಲ್ಪಿಗೆ ಬಾನೂ ಇಲ್ಲ, ಬಯಲೂ ಇಲ್ಲ. ಆ ಸಂಜೆಯ ಭಾವವನ್ನೆಲ್ಲ ಅವನು ಬಾಗಿದ ಒಂದು ಮುಖದಲ್ಲಿಯೇ ತುಂಬಬೇಕು.

ಹಾಗೆ ತುಂಬಿದವನು ಇಟಲಿಯ ಜೊವಾನಿ ಮರಿಯಾ ಬೆಂಜೋನಿ. ೧೮೦೯ರಲ್ಲಿ ಬೆರ್ಗಾಮೋ ಸೀಮೆಯ ಸೊಂಗಾವಾಜ್ಜೊ ಎಂಬ ಬೆಟ್ಟದ ಹಳ್ಳಿಯಲ್ಲಿ, ಬಡವರ ಮನೆಯಲ್ಲಿ ಹುಟ್ಟಿದನು. ಲುಯಿಜಿ ತಾದೀನಿ ಎಂಬ ಶ್ರೀಮಂತನು ಇವನ ಕೈಚಳಕವನ್ನು ಮೆಚ್ಚಿ ರೋಮ್ ನಗರದಲ್ಲಿ ವಿದ್ಯಾಭ್ಯಾಸಕ್ಕೆ ಆಸರೆಯಾದನು. ರೋಮಿನಲ್ಲಿಯೇ ದೊಡ್ಡ ಶಿಲ್ಪಶಾಲೆಯನ್ನು ನಡೆಸಿ, ಅಲ್ಲಿಯೇ ೧೮೭೩ರಲ್ಲಿ ತೀರಿಕೊಂಡನು.

ಇನ್ನು ಮುಸುಕಿನ ವಿಚಾರ. ಮೊದಲು ಮಾಡಿದ ಮುಖದ ಮೇಲೆ ತೆಳುವಾದ ಕಲ್ಲಿನ ಹಾಳೆಯೊಂದನ್ನು ಹೊದಿಸಿದ್ದಾರೆಂದು ನಂಬುವವರುಂಟು. ನೇಪಲ್ಸ್ ನಗರದಲ್ಲಿ ೧೭೫೩ರಲ್ಲಿ ಸಾನ್‌ಮಾರ್ತೀನೋ ಎಂಬ ಶಿಲ್ಪಿಯು ಕಡೆದ ಮುಸುಕಿನ ಕ್ರಿಸ್ತನನ್ನು ನೋಡಿದ ಜನರಂತೂ, ನಿಜವಾದ ಬಟ್ಟೆಯನ್ನೇ ರಸವಿದ್ಯೆಯಿಂದ ಕಲ್ಲಾಗಿಸಿದರೆಂದು ಕಥೆ ಕಟ್ಟಿದರು! ವಾಸ್ತವವಾಗಿ ಮುಖ ಬೇರೆ, ಮುಸುಕು ಬೇರೆ ಅಲ್ಲ. ಇರುವುದು ಒಂದೇ ಕಲ್ಲಿನ ಒಂದೇ ಮೈ. ಇದನ್ನು ತಿಳಿಯಲು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಬಹುದು. ತೆಳುವಾದ ಕರವಸ್ತ್ರವನ್ನು ನೀರಿನಲ್ಲಿ ಅದ್ದಿ, ಬಿಗಿದ ಮುಷ್ಟಿಯ ಮೇಲೆ ಹಾಕಿ ನೋಡಿರಿ. ಗೆಣ್ಣುಗಳ ಮೇಲೆ ಬಟ್ಟೆ ಅಂಟಿಕೊಂಡು ಅವುಗಳ ಆಕಾರವನ್ನು ತೋರಿಸುತ್ತದೆ. ಗೆಣ್ಣುಗಳ ನಡುವಿನ ತಗ್ಗಿನಲ್ಲಿ ಮಾತ್ರ ತಳಕ್ಕೆ ಇಳಿಯದೆ ತೊಟ್ಟಿಲಿನಂತೆ ತೂಗುತ್ತದೆ. ಶಿಲ್ಪಿಯು ಕಡೆದಿರುವುದು ಇದನ್ನೇ. ಹಣೆ, ಮೂಗಿನ ತುದಿ, ಗಲ್ಲಗಳನ್ನು ಸ್ಪಷ್ಟವಾಗಿ ಬಿಡಿಸಿ, ಕಣ್ಣಿನ ಕುಳಿಯನ್ನೂ ಮೂಗಿನ ಪಕ್ಕದ ತಗ್ಗನ್ನೂ ಆಳವಾಗಿ ತೋಡದೆ ಬಿಟ್ಟಿದ್ದಾನೆ. ಇದರ ಮೇಲೆ ಎಳೆಯಂತಹ ಕೆಲವು ನೆರಿಗೆಗಳನ್ನು ಹಾಯಿಸಿದ್ದಾನೆ. ಬೆಳಕು ಆ ನೆರಿಗೆಗಳ ಅಂಚನ್ನು ಹಿಡಿದೊಡನೆ ನಮ್ಮ ಕಣ್ಣು ತಾನಾಗಿಯೇ "ಇದು ಬಟ್ಟೆ, ಅದರ ಹಿಂದಿನದು ಮುಖ" ಎಂದು ಎರಡಾಗಿ ವಿಂಗಡಿಸಿಕೊಳ್ಳುತ್ತದೆ. ಮುಸುಕು ಅರ್ಧ ಕಲ್ಲಿನಲ್ಲಿದೆ, ಅರ್ಧ ನೋಡುವವರಲ್ಲಿದೆ.

ಕಲ್ಲಿನ ಗುಣವೂ ಇಲ್ಲಿ ನೆರವಾಗುತ್ತದೆ. ಬೇಲೂರಿನ ಶಿಲಾಬಾಲಿಕೆಯರನ್ನು ಕಡೆದ ಬಳಪದ ಕಲ್ಲು ಮೃದುವಾದುದರಿಂದ ಆಭರಣದ ಒಂದೊಂದು ಮಣಿಯನ್ನೂ ಬಿಡಿಸಲು ಒದಗಿಬರುತ್ತದೆ. ಆದರೆ ಅದು ಬೆಳಕನ್ನು ಒಳಗೆ ಬಿಡದು. ಬಿಳಿಯ ಅಮೃತಶಿಲೆಯಾದರೋ ಬೆಳಕನ್ನು ಕೊಂಚ ಒಳಗೆ ಬರಮಾಡಿಕೊಂಡು ಹಿಂದಿರುಗಿಸುತ್ತದೆ. ಅದರ ಮೈಯಲ್ಲಿ ಚರ್ಮದ ನಯವು ಕಾಣುವುದು ಇದರಿಂದಲೇ.

ಹೈದರಾಬಾದಿನ ದಿವಾನನಾಗಿದ್ದ ಒಂದನೆಯ ಸಾಲಾರ್‌ಜಂಗನು ೧೮೭೬ರಲ್ಲಿ ಯೂರೋಪಿನ ಪ್ರವಾಸದಲ್ಲಿದ್ದಾಗ ಈ ಮೂರ್ತಿಯನ್ನು ರೋಮಿನಲ್ಲಿ ಕೊಂಡು ತಂದನು. ಅವನ ಮೊಮ್ಮಗನಾದ ಮೂರನೆಯ ಸಾಲಾರ್‌ಜಂಗನ ವಿಪುಲ ಸಂಗ್ರಹದೊಡನೆ ಇದೂ ಸೇರಿ, ೧೯೫೧ರಲ್ಲಿ ದಿವಾನ್ ದೇವಡಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಈಗಿನ ಕಟ್ಟಡಕ್ಕೆ ಬಂದುದು ೧೯೬೮ರಲ್ಲಿ.

ಇಂತಹ ಮೂರ್ತಿ ಜಗತ್ತಿನಲ್ಲಿ ಇದೊಂದೇ ಎಂದು ನಮ್ಮಲ್ಲಿ ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಅದು ಸರಿಯಲ್ಲ. ಅಮೆರಿಕೆಯ ಅಟ್ಲಾಂಟಾ ನಗರದಲ್ಲಿಯೂ ಪಿಟ್ಸ್‌ಫೀಲ್ಡಿನಲ್ಲಿಯೂ ಬೆಂಜೋನಿಯ ರೆಬೆಕ್ಕರಿದ್ದಾರೆ. ಆ ಕಾಲದ ರೋಮಿನ ಶಾಲೆಗಳಲ್ಲಿ ಶಿಲ್ಪಿಯು ಮೊದಲು ಜೇಡಿಮಣ್ಣಿನಲ್ಲಿ ಮೂರ್ತಿಯನ್ನು ಮಾಡುತ್ತಿದ್ದನು. ಅದರಿಂದ ಪ್ಲಾಸ್ಟರಿನ ಪಡಿಯಚ್ಚನ್ನು ತೆಗೆದು, ಬಿಂದು ಬಿಂದುವಾಗಿ ಅಳೆದು, ಸಹಾಯಕರು ಅಮೃತಶಿಲೆಗೆ ಇಳಿಸುತ್ತಿದ್ದರು. ಕೇಳಿದವರಿಗೆಲ್ಲ ಮತ್ತೊಂದನ್ನು ಮಾಡಿಕೊಡಲು ಅಡ್ಡಿಯಿರಲಿಲ್ಲ. ಇದರಿಂದ ನಮ್ಮ ರೆಬೆಕ್ಕಳಿಗೆ ಯಾವ ಕುಂದೂ ಇಲ್ಲವೆಂದೇ ನಮ್ಮ ಅಭಿಪ್ರಾಯ. ಒಂದೊಂದು ಮೂರ್ತಿಯಲ್ಲಿಯೂ ಕೊನೆಯ ಕೂದಲೆಳೆಯಷ್ಟು ಕಲ್ಲನ್ನು ಯಾರೋ ಒಬ್ಬರ ಕೈಯೇ ತೆಗೆಯಬೇಕು. ತುಸು ಹೆಚ್ಚಾಗಿ ತೆಗೆದರೆ ಮುಸುಕು ಹರಿದಂತೆಯೇ.

ಮುಂದಿನ ಸಲ ಹೋದಾಗ ಎದುರಿಗಷ್ಟೇ ನಿಲ್ಲದೆ, ಮೆಲ್ಲನೆ ಪಕ್ಕಕ್ಕೆ ಸರಿಯುತ್ತ ನೋಡಿರಿ. ನೆರಿಗೆಗಳ ನೆರಳು ಬದಲಾದಂತೆ ಒಂದು ಕ್ಷಣ ಬಟ್ಟೆಯೂ ಮರುಕ್ಷಣ ಮುಖವೂ ಮುಂದೆ ಬರುತ್ತವೆ.