ಕಾಬರ್ ಎಸೆಯುವ ಗೆಳೆಯನಿಗೊಂದು ಕಿಲ್ಟ್

ಸ್ಕಾಟ್ಲೆಂಡಿನ ಬ್ರೇಮರ್‌ನಲ್ಲಿ ಪ್ರತಿವರ್ಷ ಸೆಪ್ಟೆಂಬರಿನ ಮೊದಲ ಶನಿವಾರ ಹೈಲ್ಯಾಂಡ್ ಕ್ರೀಡಾಕೂಟ. ಸುಮಾರು 6 ಮೀಟರ್ ಉದ್ದದ, 60 ಕಿಲೋ ತೂಕದ ಮರದ ಕಾಂಡವನ್ನು ಅಂಗೈಗಳಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಓಡಿ, ಗಾಳಿಯಲ್ಲಿ ಪಲ್ಟಿ ಹೊಡೆಯುವಂತೆ ಎಸೆಯುವುದೇ ಕಾಬರ್ ಆಟ. ಇನ್ನೊಂದೆಡೆ 56 ಪೌಂಡಿನ ಕಬ್ಬಿಣದ ತೂಕವನ್ನು ಒಂದೇ ಕೈಯಲ್ಲಿ ಕಾಲುಗಳ ನಡುವೆ ತೂಗಿ, ತಲೆಯಾಚೆಯ ಎತ್ತರದ ಅಡ್ಡಪಟ್ಟಿ ದಾಟಿಸುತ್ತಾರೆ. ಹ್ಯಾಮರ್ ಎಸೆಯುವವರು ಬೂಟಿನ ಮುಂಭಾಗದ ಅಲಗನ್ನು ನೆಲಕ್ಕೆ ನಾಟಿ, ಪಾದ ಕದಲಿಸದೆ ಇಡೀ ಮೈಯನ್ನು ತಿರುಚುತ್ತಾರೆ. ಇವರೆಲ್ಲರ ಉಡುಗೆ ಕಿಲ್ಟ್, ಅಂದರೆ ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಲಂಗ. 1746ರ ಕಾನೂನು ನಿಷೇಧಿಸಿದ, 1782ರಲ್ಲಿ ಮತ್ತೆ ಬಿಡುಗಡೆ ಕಂಡ ಈ ಉಡುಪು ಇಂದು ಮದುವೆಮನೆಗಳಲ್ಲೇ ಹೆಚ್ಚು ಕಾಣುತ್ತದೆ. ಆದರೆ ಅದರ ಹೊಲಿಗೆಯ ನಿಜವಾದ ಪರೀಕ್ಷೆ ಈ ಹುಲ್ಲಿನ ಮೈದಾನದಲ್ಲೇ.

ಇಂಥ ಗೆಳೆಯನಿಗೆ ಕೈಯಾರೆ ಕಿಲ್ಟ್ ಹೊಲಿದು ಕೊಡಬೇಕೆನ್ನುವವರು ಮೊದಲು ಬಟ್ಟೆಯನ್ನು ಗಮನಿಸಬೇಕು. ಟಾರ್ಟನ್ ಎಂಬ ಚೌಕಳಿಯ ಉಣ್ಣೆಬಟ್ಟೆಯನ್ನು ಗಜದ ತೂಕದ ಮೇಲೆ ಗುರುತಿಸುತ್ತಾರೆ: ಹಗುರದ್ದು 10–11 ಔನ್ಸ್, ನಡುವಿನದು 13, ಭಾರದ್ದು 16. ಆಟಗಾರನಿಗೆ 16 ಔನ್ಸಿನದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೆರಿಗೆ ನಿಲ್ಲುತ್ತದೆ, ಗಾಳಿಗೆ ಹಾರದು, ಕೂತೆದ್ದರೂ ಮುದುಡದು. ಪೂರ್ಣ ಕಿಲ್ಟ್‌ಗೆ ಎಂಟು ಗಜ ಬೇಕು. ಕೆಳಗಿನ ಅಂಚನ್ನು ಮಡಿಸಿ ಹೊಲಿಯುವುದಿಲ್ಲ, ಮಗ್ಗದಲ್ಲಿ ಬಂದ ಅಂಚೇ ಕೊನೆಯ ಅಂಚು. ಹಾಗಾಗಿ ಕೊಳ್ಳುವಾಗಲೇ ಅಂಚು ಅಚ್ಚುಕಟ್ಟಾಗಿದೆಯೇ ಎಂದು ಬೆರಳಾಡಿಸಿ ನೋಡಬೇಕು.

ಕಷ್ಟವಿರುವುದು ಅಳತೆಯಲ್ಲಿ. ಭಾರ ಎಸೆಯುವವರ ತೊಡೆ, ಪೃಷ್ಠ ದಪ್ಪ, ಸೊಂಟ ಅದಕ್ಕೆ ಹೋಲಿಸಿದರೆ ಸಣ್ಣದು. ಪೃಷ್ಠದ ಸುತ್ತಳತೆ 46 ಅಂಗುಲ, ಸೊಂಟ 38 ಎನ್ನಿ. ಮುಂದಿನ ಅರ್ಧ ಸಪಾಟು, ನೆರಿಗೆಯೆಲ್ಲ ಹಿಂದಿನ ಅರ್ಧಕ್ಕೆ. ಅಲ್ಲಿ 23 ಅಂಗುಲವನ್ನು 19ಕ್ಕೆ ಇಳಿಸಬೇಕು. ಒಟ್ಟು 28 ನೆರಿಗೆಗಳಿದ್ದರೆ ಒಂದೊಂದೂ ಮೇಲೇರುತ್ತ ಅಂಗುಲದ ಏಳನೇ ಒಂದು ಭಾಗದಷ್ಟು ಕಿರಿದಾಗಬೇಕು, ಅದೂ ಚೌಕಳಿಯ ಗೆರೆಗಳು ತಪ್ಪದಂತೆ! ಸೀರೆಯ ನೆರಿಗೆಯನ್ನು ದಿನವೂ ಹೊಸದಾಗಿ ಹಿಡಿಯಬಹುದು. ಕಿಲ್ಟ್‌ನದನ್ನು ಹಿಡಿಯುವುದು ಒಮ್ಮೆಯೇ. ಆದ್ದರಿಂದ ಕಚ್ಚಾ ಹೊಲಿಗೆ ಹಾಕಿ, ಗೆಳೆಯನನ್ನು ಕರೆಸಿ ತೊಡಿಸಿ ನೋಡುವುದು ಜಾಣತನ. ಗುಟ್ಟಾಗಿ ಹೊಲಿದು ಅಚ್ಚರಿಪಡಿಸುವ ಆಸೆಯನ್ನು ಇಲ್ಲಿ ಬಿಟ್ಟುಬಿಡಬೇಕಾಗುತ್ತದೆ.

ಬಾಳಿಕೆಯ ಗುಟ್ಟು ಒಳಮಗ್ಗುಲಲ್ಲಿದೆ. ಸೊಂಟದಿಂದ ಪೃಷ್ಠದವರೆಗೆ ನೆರಿಗೆಗಳನ್ನು ಕೈಯಿಂದ, ಸಣ್ಣ ಬಿಗಿ ಹೊಲಿಗೆಯಲ್ಲಿ ಕೂಡಿಸಿದ ಮೇಲೆ ಒಳಗೆ ಬಟ್ಟೆಯ ಪದರಗಳು ರಾಶಿ ಬೀಳುತ್ತವೆ. ಮೇಲ್ಭಾಗದಲ್ಲಿ ಹೆಚ್ಚಾದದ್ದನ್ನು ಕತ್ತರಿಸಿ ತೆಗೆಯುತ್ತಾರೆ. ಹಾಗೆ ತೆಗೆದಾಗ ಬಲ ಕುಗ್ಗುತ್ತದೆ. ಅದಕ್ಕೆಂದೇ ಕ್ಯಾನ್ವಾಸ್ ಪಟ್ಟಿಯನ್ನು ಒಳಗೆ ಸುತ್ತಿ, ನೆರಿಗೆಗಳ ಬೆನ್ನಿಗೆ ಹೊಲಿದು, ಚರ್ಮದ ಪಟ್ಟಿ ಮತ್ತು ಬಕಲ್‌ಗಳನ್ನು ಆ ಕ್ಯಾನ್ವಾಸ್‌ಗೇ ಭದ್ರವಾಗಿ ಕಟ್ಟುವುದು. ಕೊನೆಗೆ ಅಸ್ತರು ಹಾಕುತ್ತಾರೆ. ಕಾಬರ್ ಎತ್ತಲು ಕುಕ್ಕರಿಸಿದಾಗ ಬೀಳುವ ಎಳೆತವನ್ನೆಲ್ಲ ಕ್ಯಾನ್ವಾಸ್ ಹೊರಬೇಕು, ನೆರಿಗೆಯ ಹೊಲಿಗೆ ಹೊರಬಾರದು. ಅವಸರದಲ್ಲಿ ಇದನ್ನು ಬಿಟ್ಟರೆ, ಹೊರಗಿನಿಂದ ಎಷ್ಟೇ ಸೊಗಸಾಗಿ ಕಂಡರೂ ಹಿಂಬದಿಯ ನೆರಿಗೆ ಬಾಯ್ಬಿಡುತ್ತದೆ.

ಉದ್ದ ಸಾಮಾನ್ಯವಾಗಿ ಮಂಡಿಯ ನಡುವಿನವರೆಗೆ. ಆಟಗಾರನಿಗೆ ಅದಕ್ಕಿಂತ ತುಸು ಮೇಲಕ್ಕಿದ್ದರೆ ಓಟಕ್ಕೆ ಅನುಕೂಲ. ತರಬೇತಿಯ ದಿನಗಳಲ್ಲಿ ಅವನ ಸೊಂಟ ಏರಿಳಿಯುವುದು ಸಹಜ, ಹೀಗಾಗಿ ಚರ್ಮದ ಪಟ್ಟಿಗೆ ಎರಡು ರಂಧ್ರ ಹೆಚ್ಚಾಗಿಯೇ ಇರಲಿ. ಉಡುಗೊರೆಯ ಜೊತೆ ಒಂದು ಚೀಟಿಯನ್ನೂ ಬರೆದಿಡಿ: ವಾಷಿಂಗ್ ಮೆಷಿನ್ನಿಗೆ ಹಾಕಬೇಡ, ಮಣ್ಣು ಒಣಗಿದ ಮೇಲೆ ಬ್ರಶ್‌ನಿಂದ ಉಜ್ಜು, ನುಸಿ ಬಾರದಂತೆ ಕಾಪಾಡು, ನೆರಿಗೆ ಸಡಿಲವಾದರೆ ನನ್ನ ಹತ್ತಿರವೇ ಇಸ್ತ್ರಿಗೆ ತಾ.