ಒಂಬತ್ತು ಚುಕ್ಕೆಗಳ ಬೀಗ

ಬ್ಯಾಟರಿ ಕೆಟ್ಟ ಫೋನನ್ನು ಹಿಡಿದು ಈಚೆಗೆ ರಿಪೇರಿ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯ ಹುಡುಗ ರಸೀದಿ ಬರೆದು, ಅದರ ಮೂಲೆಯಲ್ಲಿ ಮೂರು ಸಾಲಾಗಿ ಒಂಬತ್ತು ಚುಕ್ಕೆ ಇಟ್ಟು, 'ಪ್ಯಾಟರ್ನ್ ಹಾಕಿ ಸಾರ್' ಎಂದು ಪೆನ್ನು ಚಾಚಿದ. ರಂಗೋಲಿಯ ಎಳೆ ಎಳೆದಂತೆ ನಾನೂ ಎಳೆದುಬಿಟ್ಟೆ. ಅದೇ ಪುಸ್ತಕದಲ್ಲಿ ನನಗಿಂತ ಮೊದಲು ಬಂದವರ ಎಳೆಗಳೂ ಪಕ್ಕದಲ್ಲೇ ಅವರ ಹೆಸರುಗಳೂ ಇದ್ದವು. ಬಸ್ಸು ಹತ್ತಿದ ಮೇಲೆ ಹೊಳೆಯಿತು: ಬ್ಯಾಂಕಿನ ಲೆಕ್ಕ, ಅಮ್ಮನ ಆಸ್ಪತ್ರೆಯ ಚೀಟಿಗಳು, ನಾಲ್ಕು ವರ್ಷದ ಮಾತುಕತೆ, ಎಲ್ಲದರ ಬೀಗದ ಕೈಯನ್ನು ಹೆಸರೂ ಗೊತ್ತಿಲ್ಲದವನಿಗೆ ಕೊಟ್ಟು ಬಂದಿದ್ದೆ.

ಹಿಂದೆ ತಿಜೋರಿಯ ಬೀಗದ ಕೈ ಮನೆಯ ಹಿರಿಯ ಹೆಂಗಸಿನ ಸೊಂಟದಲ್ಲಿರುತ್ತಿತ್ತು. ಅದು ಸೊಸೆಯ ಸೊಂಟಕ್ಕೆ ದಾಟಿತೆಂದರೆ ಮನೆಯ ಆಡಳಿತವೇ ಕೈ ಬದಲಾದಂತೆ. ಕಂಪ್ಯೂಟರಿನ ಬೀಗದ ಕೈ ಹಾಗಲ್ಲ. ಅದು ಕಣ್ಣಿಗೆ ಕಾಣದು, ಕಳೆದುಹೋದರೂ ತಿಳಿಯದು. ಅಮೆರಿಕದ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುತ್ತಿದ್ದ 1960ರ ದಶಕದ ಆರಂಭದಲ್ಲಿ ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಿರಲೆಂದು ಪಾಸ್‌ವರ್ಡ್ ಬಳಕೆಗೆ ಬಂತು. ತನಗೆ ಕೊಟ್ಟ ಅವಧಿ ಸಾಲದಾದಾಗ ಅಲನ್ ಶೆರ್ ಎಂಬ ಸಂಶೋಧಕರು 1962ರಲ್ಲಿ ಎಲ್ಲರ ಪಾಸ್‌ವರ್ಡ್‌ಗಳಿದ್ದ ಪಟ್ಟಿಯನ್ನೇ ಮುದ್ರಿಸಿಕೊಂಡರು. ಬೀಗದ ಜೊತೆಜೊತೆಗೇ ಕನ್ನವೂ ಬಂತು ಎನ್ನಬೇಕು.

ಚುಕ್ಕೆಗಳ ಬೀಗ ಜನರ ಕೈಗೆ ಬಂದದ್ದು 2008ರಲ್ಲಿ, ಮೊದಲ ಆಂಡ್ರಾಯ್ಡ್ ಫೋನಿನೊಂದಿಗೆ. ಕನಿಷ್ಠ ನಾಲ್ಕು ಚುಕ್ಕೆ ಸೇರಿಸಬೇಕು, ಒಂದು ಚುಕ್ಕೆಯನ್ನು ಎರಡು ಬಾರಿ ಬಳಸುವಂತಿಲ್ಲ. ಈ ನಿಯಮದಲ್ಲಿ 3,89,112 ವಿನ್ಯಾಸಗಳು ಸಾಧ್ಯ. ನಾಲ್ಕಂಕಿಯ ಸಂಖ್ಯೆಯಲ್ಲಾದರೆ ಬರೀ 10,000. ಹಾಗಾದರೆ ಚುಕ್ಕೆಯೇ ಗಟ್ಟಿಯೆ? ಇಲ್ಲ. ನಾವು ಎಳೆಯುವುದು ಸಾಮಾನ್ಯವಾಗಿ ಎಡ ಮೇಲ್ಮೂಲೆಯಿಂದ, ಅದೂ ಇಂಗ್ಲಿಷಿನ 'ಎಲ್' ಅಥವಾ 'ಝಡ್' ಅಕ್ಷರವನ್ನು. ಪಕ್ಕದಲ್ಲಿ ಕುಳಿತವರು ಒಮ್ಮೆ ನೋಡಿದರೂ ಸಾಕು. ನೋಡಲೇಬೇಕೆಂದೂ ಇಲ್ಲ: ಗಾಜಿನ ಮೇಲೆ ಉಳಿದ ಬೆರಳಿನ ಜಿಡ್ಡಿಗೆ ಓರೆಯಾಗಿ ಬೆಳಕು ಬಿಟ್ಟು ಫೋಟೊ ತೆಗೆದರೆ ಎಳೆಯನ್ನು ಪತ್ತೆ ಹಚ್ಚಬಹುದೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲೇ ತೋರಿಸಿದ್ದರು. ಬಜ್ಜಿ ತಿಂದ ಕೈಯಲ್ಲಿ ಫೋನ್ ತೆರೆಯುವವರು ಗಮನಿಸಬೇಕು. ಬೆರಳಚ್ಚಿಗೂ ಇದೇ ಜಿಡ್ಡಿನ ಕಾಟ. ಐಫೋನಿಗೆ ಬೆರಳಚ್ಚಿನ ಬೀಗ ಬಂದ 2013ರಲ್ಲಿ ಜರ್ಮನಿಯ ತಜ್ಞರ ಗುಂಪೊಂದು ಗಾಜಿನ ಮೇಲಿನ ಗುರುತಿನ ಫೋಟೊದಿಂದಲೇ ನಕಲಿ ಬೆರಳು ಮಾಡಿ ಕೆಲವೇ ದಿನಗಳಲ್ಲಿ ಅದನ್ನು ತೆರೆದಿತ್ತು.

ಆದರೂ ಬೀಗವೇ ಬೇಡವೆನ್ನುವಂತಿಲ್ಲ. ಅದನ್ನು ಬಾಗಿಲಿನ ಚಿಲಕವೆಂದು ತಿಳಿಯುವುದೇ ತಪ್ಪು. ಇಂದಿನ ಫೋನಿನಲ್ಲಿ ಚಿತ್ರ, ಪತ್ರ ಎಲ್ಲವೂ ಗೂಢಲಿಪಿಯಲ್ಲಿರುತ್ತವೆ. ತಯಾರಿಕೆಯ ಹೊತ್ತಿನಲ್ಲೇ ಚಿಪ್ಪಿನೊಳಗೆ ಇಟ್ಟ ಒಂದು ರಹಸ್ಯ ಸಂಖ್ಯೆ ಮತ್ತು ನಾವು ಒತ್ತುವ ಸಂಖ್ಯೆ ಇವೆರಡೂ ಕೂಡಿದರೆ ಮಾತ್ರ ಅದನ್ನು ಬಿಡಿಸುವ ಕೀಲಿ ಸಿದ್ಧವಾಗುತ್ತದೆ. ನೆನಪಿನ ಚಿಪ್ಪನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕಿದರೆ ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ. ಊಹೆ ಮಾಡುವವನು ಅದೇ ಫೋನಿನ ಮೇಲೆ ಮಾಡಬೇಕು. ತಪ್ಪಿದಂತೆಲ್ಲ ಫೋನು ಹೆಚ್ಚು ಹೊತ್ತು ಕಾಯಿಸುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ 2015ರ ಡಿಸೆಂಬರಿನಲ್ಲಿ 14 ಮಂದಿಯನ್ನು ಕೊಂದವರಲ್ಲಿ ಒಬ್ಬನ ಐಫೋನನ್ನು ಎಫ್‌ಬಿಐಗೇ ತೆರೆಯಲಾಗಲಿಲ್ಲ. ಈ ತಡೆಗಳನ್ನು ತೆಗೆಯುವ ತಂತ್ರಾಂಶ ಬರೆದುಕೊಡಿ ಎಂದು 2016ರ ಫೆಬ್ರುವರಿಯಲ್ಲಿ ನ್ಯಾಯಾಲಯ ಆದೇಶಿಸಿದರೂ ಆಪಲ್ ಕಂಪನಿ ಒಪ್ಪಲಿಲ್ಲ. ಕೊನೆಗೆ ಹೊರಗಿನವರ ನೆರವಿನಿಂದ ಫೋನು ತೆರೆದಿದ್ದಾಗಿ ಹೇಳಿ ಮಾರ್ಚಿನಲ್ಲಿ ಸರ್ಕಾರವೇ ಮೊಕದ್ದಮೆಯಿಂದ ಹಿಂದೆ ಸರಿಯಿತು. ಆರಂಕಿಯ, ಜನ್ಮದಿನವಲ್ಲದ ಒಂದು ಸಂಖ್ಯೆಗೆ ಎಷ್ಟು ಬಲವಿದೆಯೆಂಬುದು ಇದರಿಂದ ತಿಳಿದೀತು.

ಇಷ್ಟಾದರೂ ಹಿತ್ತಲ ಬಾಗಿಲೊಂದು ತೆರೆದೇ ಇರುತ್ತದೆ. ಅದು ಸಿಮ್ ಕಾರ್ಡು. ಕಳ್ಳ ಅದನ್ನು ತೆಗೆದು ತನ್ನ ಫೋನಿಗೆ ಹಾಕಿದರೆ ಬ್ಯಾಂಕಿನ ಓಟಿಪಿ ಅವನಿಗೇ ಬರುತ್ತದೆ. ಇದಕ್ಕೆಂದೇ ಸಿಮ್‌ಗೂ ಒಂದು ಪಿನ್ ಇಡುವ ಏರ್ಪಾಡಿದೆ. ನನ್ನ ಗೆಳೆಯರಲ್ಲಿ ಅದನ್ನು ಇಟ್ಟವರು ಒಬ್ಬರೂ ಸಿಗಲಿಲ್ಲ. ಕಂಪನಿ ಮೊದಲೇ ಇಟ್ಟಿರುವ ಪಿನ್ ಯಾವುದೆಂದು ತಿಳಿದುಕೊಂಡೇ ಕೈಹಾಕಬೇಕು. ಮೂರು ಸಲ ತಪ್ಪಿದರೆ ಎಂಟಂಕಿಯ ಪಿಯುಕೆ ಸಂಖ್ಯೆ ಕೇಳುತ್ತದೆ, ಅದೂ ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಸತ್ತಂತೆ. ಫೋನೇ ಕಳುವಾದರೆ ಅದರ 15 ಅಂಕಿಯ ಐಎಂಇಐ ಸಂಖ್ಯೆ ಬೇಕು. *#06# ಒತ್ತಿ ಈಗಲೇ ಬರೆದಿಟ್ಟುಕೊಂಡರೆ, ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಸಂಚಾರ್ ಸಾಥಿ ವ್ಯವಸ್ಥೆಯ ಮೂಲಕ ಆ ಫೋನನ್ನು ನಿರ್ಬಂಧಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಖಾಸಗಿತನ ಶ್ರೀಮಂತರ ಷೋಕಿ ಎಂಬ ಮಾತನ್ನು ಕೇಳಿದ್ದೇವೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಅಂಥ ಹಕ್ಕನ್ನು ನಾನು ರಸೀದಿಯ ಮೂಲೆಯಲ್ಲಿ ಗೀಚಿ ಬಂದಿದ್ದೆ.

ಮರುದಿನ ಅಂಗಡಿಗೆ ಹೋಗಿ, ಬ್ಯಾಟರಿ ಬದಲಿಸಲು ಪ್ಯಾಟರ್ನ್ ಏಕೆಂದು ಕೇಳಿದೆ. 'ಹಾಕಿದ ಮೇಲೆ ಟಚ್ಚು, ಸ್ಪೀಕರು ಚೆಕ್ ಮಾಡೋಕೆ ಸಾರ್. ನೀವೇ ಬಂದು ಓಪನ್ ಮಾಡ್ತೀರಿ ಅಂದ್ರೆ ಬೇಕಾಗಿಲ್ಲ' ಎಂದ. ಸ್ಯಾಮ್ಸಂಗಿನಂಥ ಕೆಲವು ಫೋನುಗಳಲ್ಲಿ ಮಾಲೀಕನ ಮಾಹಿತಿಯನ್ನು ಮರೆಮಾಡಿ ರಿಪೇರಿಗೆ ಕೊಡುವ ಅನುಕೂಲವೇ ಇದೆಯೆಂದೂ ಅವನೇ ತೋರಿಸಿಕೊಟ್ಟ. ಮತ್ತೆ ಎಲ್ಲರಿಂದಲೂ ಬರೆಸಿಕೊಳ್ಳುವುದೇಕೆ ಎಂದೆ. 'ಬೇಡ ಅಂತ ಯಾರೂ ಹೇಳಿಲ್ಲವಲ್ಲ ಸಾರ್' ಎನ್ನುತ್ತ, ಹಿಂದೆ ನಿಂತಿದ್ದ ಗಿರಾಕಿಗೆ ಒಂಬತ್ತು ಚುಕ್ಕೆ ಇಡತೊಡಗಿದ.